‘ಕೊಕೊ’ ನಮಗೇಕೆ ಪರಕೀಯ?

ಮೆಕ್ಸಿಕೋದ ಸತ್ತವರ ಲೋಕ ತೋರಿಸುವ ‘ಕೊಕೊ’ (2017) ಚಿತ್ರ ನಮ್ಮ ಮಕ್ಕಳಿಗೆ ಪರಕೀಯ, ಸಾವಿನ ಭಯ ಹುಟ್ಟಿಸುತ್ತದೆ, ಹಿರಿಯರ ಮಾತು ಮೀರಲು ಕಲಿಸುತ್ತದೆ ಎಂಬುದು ಲೇಖನವೊಂದರ ವಾದ. ಒಪ್ಪಲಾರೆ.

ಬಾದಾಮಿ, ಹುನಗುಂದದ ಹಳ್ಳಿಗಳಲ್ಲಿ ಸಾವಾದ ಮನೆಯ ಮುಂದೆ ಭಜನಾ ಮೇಳದವರು ತಾಳ, ಹಾರ್ಮೋನಿಯಂ ಹಿಡಿದು ಬೆಳತನಕ ಹಾಡುತ್ತಾರೆ. ಮಕ್ಕಳೂ ಅಲ್ಲೇ ಕೂತಿರುತ್ತಾರೆ. ಹಿರಿಯರ ಹಬ್ಬಕ್ಕೆ ಹೊಸ ಬಟ್ಟೆ ಇಟ್ಟು, ಹೋಳಿಗೆ ಎಡೆ ಹಿಡಿಯುವ ಮನೆಯ ಮಗುವಿಗೆ ಚಿತ್ರದ ಹುಡುಗ ಮಿಗೆಲ್‌ನ ಮನೆಯ ಫೋಟೊ, ಹೂವು, ನೈವೇದ್ಯ ಹೇಗೆ ಹೊರಗಿನದಾದೀತು?

ಇನ್ನು ಹಿರಿಯರ ಮಾತು. ಗಂಡ ಸಂಗೀತದ ಬೆನ್ನುಹತ್ತಿ ಮನೆ ಬಿಟ್ಟನೆಂದು ಮಿಗೆಲ್‌ನ ಮನೆತನದ ಹಿರಿಯಳು ಇಮೆಲ್ಡಾ ಹಾಡನ್ನೇ ನಿಷೇಧಿಸಿದವಳು. ಕೊನೆಗೆ ಷರತ್ತಿಲ್ಲದೆ ಮಿಗೆಲ್‌ನನ್ನು ಹರಸಿ ಕಳಿಸುವವಳೂ ಅವಳೇ. ಲೇಖನದಲ್ಲಿ ಈ ದೃಶ್ಯದ ಸುಳಿವೇ ಇಲ್ಲ. ಹಾಡುವ ಹುಡುಗನನ್ನು ಹಿರಿಯರ ದ್ರೋಹಿ ಎನ್ನುವವರು ಪಕ್ಕದ ಬೀಳಗಿಯನ್ನು ನೆನೆಯಲಿ. ಗಾಯಕಿ ಅಮೀರಬಾಯಿ ಕರ್ನಾಟಕಿ ಅಲ್ಲಿಯ ಮಗಳು. 1943ರ ‘ಕಿಸ್ಮತ್’ ಚಿತ್ರದಲ್ಲಿನ ಆಕೆಯ ದನಿಯಿಂದ ಆ ಊರಿಗೆ ಹೆಸರು ಬಂದಿತು.