ಟಪಾಲಿನ ಗೂಡುಗಳು

ಈ ವಾರ ನನ್ನದೇ ಒಂದು ತಪ್ಪಿನ ಕಥೆ. ಮಕ್ಕಳು ನಗಬಹುದು. ನನ್ನ ಓರಗೆಯವರು ನಗುವ ಮೊದಲು ಅವರವರ ಇನ್‌ಬಾಕ್ಸ್ ಒಮ್ಮೆ ನೋಡಿಕೊಳ್ಳಲಿ.

ನಮ್ಮ ನಿವೃತ್ತ ನೌಕರರ ಸಂಘದ ಪತ್ರವ್ಯವಹಾರ ನಾಲ್ಕು ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಎಲ್ಲವೂ ಇ-ಮೇಲ್‌ನಲ್ಲಿ. ಹೋದ ವರ್ಷ ತೀರಿಕೊಂಡ ಸಹೋದ್ಯೋಗಿಯೊಬ್ಬರಿಗೆ ಸಭೆಯಲ್ಲಿ ಶ್ರದ್ಧಾಂಜಲಿ ಓದಬೇಕಿತ್ತು. ಅವರ ಸೇವೆಯ ವಿವರಕ್ಕಾಗಿ ಮೇಲ್‌ನಲ್ಲಿ ಅವರ ಹೆಸರು ಹಾಕಿ ಹುಡುಕಿದೆ. ಸಿಕ್ಕಿದ್ದು ಅವರ ಹೆಂಡತಿಯ ಪತ್ರ. ಕುಟುಂಬ ಪಿಂಚಣಿಗೆ ಯಾವ ಅರ್ಜಿ ಕೊಡಬೇಕು, ಜೊತೆಗೆ ಏನೇನು ಲಗತ್ತಿಸಬೇಕು ಎಂದು ಕೇಳಿದ್ದರು. ಮಗನ ಐಡಿಯಿಂದ ಕಳಿಸಿದ್ದು, ವಿಷಯದ ಸಾಲು ಖಾಲಿ. ಬಂದು 41 ದಿನವಾಗಿತ್ತು. ನಾನು ತೆರೆದೇ ಇರಲಿಲ್ಲ.

ಕೂಡಲೇ ಫೋನ್ ಮಾಡಿದೆ. ಆ ಮನೆಗೆ ಬರುತ್ತಿದ್ದ ಹಣ ಅದೊಂದೇ. ಅವರು ಬೈಯಲಿಲ್ಲ. "ಪರವಾಗಿಲ್ಲ ಬಿಡಿ, ನಿಮಗೂ ವಯಸ್ಸಾಯ್ತಲ್ಲ" ಅಂದರು. ಬೈದಿದ್ದರೆ ವಾಸಿಯಿತ್ತು.

ಅವತ್ತು ಸಂಜೆ ಏಳನೇ ಕ್ಲಾಸಿನ ಮೊಮ್ಮಗಳು ನನ್ನ ಕಂಪ್ಯೂಟರ್ ಮುಂದೆ ಕೂತು, "ತಾತ, ಇನ್‌ಬಾಕ್ಸ್ ಪಕ್ಕ 6,412 ಅಂತ ಇದೆ. ಇಷ್ಟೂ ಓದಿಲ್ವಾ?" ಅಂದಳು. ಓದುವಂಥದ್ದೇನಿತ್ತು? ಸೀರೆ ಅಂಗಡಿಯ ರಿಯಾಯಿತಿ, ವಿಮೆಯ ಜಾಹೀರಾತು, ಬ್ಯಾಂಕಿನ ಸ್ಟೇಟ್‌ಮೆಂಟು, ಸಂಘದ ಸುತ್ತೋಲೆ, ಅದೇ ಸುತ್ತೋಲೆಗೆ ಮೂವತ್ತು ಜನ ಕಳಿಸಿದ "ಧನ್ಯವಾದಗಳು". ಇವುಗಳ ಅಡಿಯಲ್ಲಿ ಆ ತಾಯಿಯ ನಾಲ್ಕು ಸಾಲು.

1974ರಲ್ಲಿ ನಾನು ಬ್ಯಾಂಕಿಗೆ ಸೇರಿದಾಗ ಮೊದಲು ಕೊಟ್ಟ ಕೆಲಸ ಟಪಾಲಿನದು. ಬೆಳಿಗ್ಗೆ ಪೋಸ್ಟ್‌ಮನ್ ಕಟ್ಟು ತಂದು ಹಾಕಿದರೆ, ಒಡೆದು, ತಾರೀಖಿನ ಮೊಹರು ಒತ್ತಿ, ಇನ್‌ವರ್ಡ್ ರಿಜಿಸ್ಟರಿನಲ್ಲಿ ನಂಬರು ಹಾಕಿ, ಗೋಡೆಯ ಮರದ ಗೂಡುಗಳಿಗೆ ಹಂಚಬೇಕು. ಸಾಲಕ್ಕೊಂದು ಗೂಡು, ಡ್ರಾಫ್ಟಿಗೊಂದು, ಕ್ಲಿಯರಿಂಗ್‌ಗೊಂದು. ನಮ್ಮ ಹೆಡ್ ಕ್ಲರ್ಕ್ ಬೇರೆ ಶಾಖೆಗಳ ಅಡ್ವೈಸು, ಹೆಡ್ ಆಫೀಸಿನ ಸುತ್ತೋಲೆಗಳ ಕವರನ್ನು ಬಣ್ಣದಲ್ಲೇ ಗುರುತಿಸಿ ಮೊದಲು ಪಕ್ಕಕ್ಕೆ ಎತ್ತಿಡುತ್ತಿದ್ದರು. ಮೇಜಿನ ಮೇಲೆ ಉಳಿಯುತ್ತಿದ್ದದ್ದು ಕೈಬರಹದ ಕಾರ್ಡು, ಇನ್‌ಲ್ಯಾಂಡ್ ಲೆಟರು. "ಇವನ್ನ ಮೊದಲು ಓದು. ಗೊತ್ತಿರೋರ ಕಾಗದ ಎಲ್ಲೂ ಓಡಿಹೋಗಲ್ಲ" ಅನ್ನುತ್ತಿದ್ದರು.

ಇದನ್ನು ಹೇಳಿದಾಗ ಮೊಮ್ಮಗಳು, "ಅದನ್ನೇ ಇಲ್ಲೂ ಮಾಡಬಹುದು ತಾತ" ಅಂದಳು.

ಜಿಮೇಲ್‌ನಲ್ಲಿ ಗೂಡಿಗೆ ಲೇಬಲ್ ಅನ್ನುತ್ತಾರೆ. ಹೆಸರು ಕನ್ನಡದಲ್ಲೇ ಇಡಬಹುದು. ಮರದ ಗೂಡಿಗಿಂತ ಇದು ಒಂದು ಕೈ ಮೇಲು. ಒಂದೇ ಕಾಗದವನ್ನು "ಪಿಂಚಣಿ" ಮತ್ತು "ತುರ್ತು" ಎರಡರಲ್ಲೂ ಇಡಬಹುದು, ನಕಲು ಮಾಡಬೇಕಿಲ್ಲ. ಇನ್ನು ಹಂಚುವ ಗುಮಾಸ್ತನ ಹೆಸರು ಫಿಲ್ಟರ್. ಸುತ್ತೋಲೆಯ ಮೇಲ್ ಒಂದನ್ನು ತೆರೆದು, ಮೇಲ್ಗಡೆಯ ಮೂರು ಚುಕ್ಕಿ ಒತ್ತಿದರೆ "ಫಿಲ್ಟರ್ ಮೆಸೇಜಸ್ ಲೈಕ್ ದೀಸ್" ಎಂಬ ಸಾಲು ಬರುತ್ತದೆ. ಅಲ್ಲಿ "ಸ್ಕಿಪ್ ದಿ ಇನ್‌ಬಾಕ್ಸ್" ಎನ್ನುವುದಕ್ಕೆ ಗುರುತು ಹಾಕಿ, ಲೇಬಲ್ ಆರಿಸಿದರೆ ಮುಗಿಯಿತು. ಆ ಕಡೆಯಿಂದ ಬರುವ ಪ್ರತಿ ಮೇಲ್ ಅದರ ಗೂಡಿಗೆ ತಾನೇ ಹೋಗುತ್ತದೆ. ಅಳಿಸಿಹೋಗುವುದಿಲ್ಲ, ಬೇಕಾದಾಗ ಅಲ್ಲೇ ಇರುತ್ತದೆ. ಈ ಕೆಲಸವನ್ನು ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ಕೂತು ಮಾಡುವುದು ಸರಿ. ಜಾಹೀರಾತುಗಳಿಗೆ ಗೂಡೂ ಬೇಡ. ಕಳಿಸುವವರ ಹೆಸರಿನ ಪಕ್ಕದ "ಅನ್‌ಸಬ್‌ಸ್ಕ್ರೈಬ್" ಒತ್ತಿದರೆ ಬಹುಪಾಲು ನಿಲ್ಲುತ್ತವೆ.

ನನ್ನ ಮೊದಲ ಯೋಚನೆ ಉಲ್ಟಾ ಇತ್ತು. ಮುಖ್ಯವಾದ ಪತ್ರಗಳನ್ನು ಹಿಡಿಯುವ ಫಿಲ್ಟರ್ ಮಾಡೋಣ ಅಂದೆ. "ಆ ಅಜ್ಜಿಯ ಮೇಲ್‌ನಲ್ಲಿ ಯಾವ ಪದ ಇತ್ತು ತಾತ?" ಎಂದು ಕೇಳಿದಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಪಿಂಚಣಿ ಅನ್ನುವ ಪದವೇ ಇರಲಿಲ್ಲ, "ಯಜಮಾನ್ರ ದುಡ್ಡು" ಅಂತಿತ್ತು. ಕಷ್ಟದಲ್ಲಿರುವವರು ಯಾವ ಪದ ಬಳಸುತ್ತಾರೆಂದು ಯಂತ್ರಕ್ಕೆ ಮೊದಲೇ ಹೇಗೆ ಹೇಳುವುದು? ಹಾಗಾಗಿ ಹೆಡ್ ಕ್ಲರ್ಕ್ ಹಾದಿಯನ್ನೇ ಹಿಡಿದೆವು. ಗೊತ್ತಿರುವವರನ್ನೆಲ್ಲ ಗೂಡಿಗೆ ಕಳಿಸಿ, ಗೊತ್ತಿಲ್ಲದವರಿಗೆ ಮೇಜು ಬಿಟ್ಟುಕೊಟ್ಟೆವು.

ಮೊಮ್ಮಗಳು ಶಾಲೆಗೆ ಹೋಗಿದ್ದಾಗ ನಾನೂ ಒಂದು ಫಿಲ್ಟರ್ ಮಾಡಿದೆ. ಸ್ಟೇಟ್‌ಮೆಂಟುಗಳು ಪಕ್ಕಕ್ಕೆ ಹೋಗಲೆಂದು "ಬ್ಯಾಂಕ್" ಎಂಬ ಪದವನ್ನು ಇಂಗ್ಲಿಷಿನಲ್ಲಿ ಹಾಕಿದೆ. ಎರಡು ದಿನ ಇನ್‌ಬಾಕ್ಸ್ ಖಾಲಿ! ಯಾರಿಗೂ ತೊಂದರೆಯಿಲ್ಲ, ಎಲ್ಲರೂ ಸುಖವಾಗಿದ್ದಾರೆ ಎಂದು ಮನೆಯವಳಿಗೆ ಹೇಳಿದೆ. ಬ್ಯಾಂಕ್ ನಿವೃತ್ತರ ಸಂಘಕ್ಕೆ ಬರೆಯುವ ಯಾರು ತಾನೇ ಬ್ಯಾಂಕ್ ಅನ್ನದೆ ಬರೆದಾರು? ಹತ್ತೊಂಬತ್ತು ಪತ್ರಗಳು ಗೂಡು ಸೇರಿದ್ದವು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಈಗ ಪದದ ಫಿಲ್ಟರ್ ಒಂದೂ ಇಲ್ಲ, ವಿಳಾಸದ್ದು ಮಾತ್ರ. ಭಾನುವಾರ ಗೂಡುಗಳನ್ನೂ ಸ್ಪ್ಯಾಮನ್ನೂ ಇಣುಕುತ್ತೇನೆ. ಸ್ಪ್ಯಾಮ್‌ಗೆ ಬಿದ್ದದ್ದು 30 ದಿನದಲ್ಲಿ ತಾನೇ ಅಳಿದುಹೋಗುತ್ತದೆ, ಅದನ್ನು ಮರೆಯುವಂತಿಲ್ಲ.

ಇನ್ನೊಂದು ಸಣ್ಣ ಉಪಕಾರವನ್ನೂ ಅವಳು ಮಾಡಿದಳು. ಕಳಿಸಿದ ಮೇಲ್ ಹಿಂದಕ್ಕೆ ಪಡೆಯುವ ಅವಧಿಯನ್ನು ಸೆಟ್ಟಿಂಗ್ಸ್‌ನಲ್ಲಿ 30 ಸೆಕೆಂಡಿಗೆ ಏರಿಸಿಟ್ಟಳು. ಲಗತ್ತು ಮರೆತು ಕಳಿಸುವ ನನ್ನಂಥವರಿಗೆ ಆ ಅರ್ಧ ನಿಮಿಷ ದೊಡ್ಡದು. ಪಾಸ್‌ವರ್ಡನ್ನು ಮಾತ್ರ ನಾನೇ ಟೈಪ್ ಮಾಡಿದೆ. ಅವಳೂ ಮುಖ ಆ ಕಡೆ ತಿರುಗಿಸಿಕೊಂಡಳು.

ಆ ತಾಯಿಯ ಮನೆಗೆ ಮರುದಿನವೇ ಹೋಗಿ ಅರ್ಜಿ ತುಂಬಿಸಿದೆ. ಮರಣ ಪ್ರಮಾಣಪತ್ರ, ಪಿಂಚಣಿ ಆದೇಶದ ಪ್ರತಿ, ಫೋಟೋ ಎಲ್ಲ ಅವರ ಬಳಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅಚ್ಚುಕಟ್ಟಾಗಿದ್ದವು. ಹಿಂದಿನ ಬಾಕಿಯೂ ಸೇರಿ ಹಣ ಈಗ ಬಂದಿದೆ. ಏನಾದರೂ ಕೇಳುವುದಿದ್ದರೆ ಅವರು ಈಗಲೂ ಮೇಲ್ ಮಾಡುತ್ತಾರೆ. ಹತ್ತು ನಿಮಿಷ ಬಿಟ್ಟು ಫೋನೂ ಮಾಡುತ್ತಾರೆ: "ಕಳಿಸಿದ್ದೀನಿ, ನೋಡಿದ್ರಾ?"