ಒಲೆಯ ಮಸಿ, ಬೆಟ್ಟದ ಸೌದೆ

ಅಡಿಗೆಗೆ ಗ್ಯಾಸ್ ಬಂದರೂ ಚಂದಗುಳಿಯಂಥ ಊರುಗಳಲ್ಲಿ ಬಚ್ಚಲ ಹಂಡೆಯ ಒಲೆ, ಅಡಿಕೆ ಬೇಯಿಸುವ ಒಲೆ ಇನ್ನೂ ಆರಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹೊಗೆಕೊಳವೆಯುಳ್ಳ ಒಲೆಯನ್ನು ರೂಪಿಸಿತು. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಯೋಜನೆ 1983ರಲ್ಲಿ ಮೊದಲಾಗಿ 2002ರಲ್ಲಿ ನಿಂತಿತು. ಒಲೆ ಕಟ್ಟಲು ಸಹಾಯಧನವಿತ್ತು. ಕಟ್ಟಿದ ಒಲೆಯ ಆರೈಕೆ ಮಾತ್ರ ಹೆಂಗಸರ ಪಾಲಿಗೇ ಉಳಿಯಿತು.

ಕೊಳವೆಯಲ್ಲಿ ಮಸಿ ಕಟ್ಟಿದರೆ ಗಾಳಿಯ ಎಳೆತ ಕುಗ್ಗುತ್ತದೆ, ಹೊಗೆ ಮನೆಯೊಳಕ್ಕೇ ಹಿಂದಿರುಗುತ್ತದೆ. ಪಾತ್ರೆಯ ತಳದ ಮಸಿ ಶಾಖವನ್ನು ತಡೆಯುತ್ತದೆ. ಹಸಿ ಸೌದೆ ಉರಿಸಿದರಂತೂ ಅಂಟುಮಸಿಯೇ ಕೂರುತ್ತದೆ. ಅದಕ್ಕೆ ಕಿಡಿ ತಗುಲಿದರೆ ಮನೆಗೇ ಅಪಾಯ. ಇಷ್ಟೆಲ್ಲದರ ಬೆಲೆಯನ್ನು ತೆರುವುದು ಅಡಿಗೆ ಮಾಡುವವರ ಉಸಿರು ಮತ್ತು ಸೊಪ್ಪಿನಬೆಟ್ಟದ ಮರಗಳು.

ಉಪಾಯ ಕಠಿಣವಲ್ಲ. ಒಲೆ ಪೂರ್ತಿ ಆರಿದ ಮೇಲೆ ಬೂದಿ ತೆಗೆಯಬೇಕು. ಉದ್ದ ಕೋಲಿಗೆ ತೆಂಗಿನ ನಾರು ಕಟ್ಟಿ ಕೊಳವೆಯನ್ನು ಉಜ್ಜಬೇಕು, ಮೂಗುಬಾಯಿಗೆ ಬಟ್ಟೆಯಿರಲಿ. ಇಟ್ಟಿಗೆಯ ಬಿರುಕನ್ನು ಜೇಡಿಮಣ್ಣಿನಿಂದ ಮೆತ್ತಬೇಕು. ಮಳೆಗಾಲಕ್ಕೆ ಮುನ್ನ ಸೌದೆ ಒಣಗಿಸಿ ಕೊಟ್ಟಿಗೆಗೆ ಸೇರಿಸಬೇಕು. ಪ್ಲಾಸ್ಟಿಕ್ ಸುಡದ ಒಲೆಯ ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶವಿದ್ದು, ಮಲೆನಾಡಿನ ಹುಳಿಮಣ್ಣಿಗೆ ಹಿತಮಿತವಾಗಿ ಒಳ್ಳೆಯದು. ಯೂರಿಯಾದೊಂದಿಗೆ ಬೆರೆಸಿದರೆ ಮಾತ್ರ ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

ಸಲ್ಕಣಿಯಲ್ಲಿ 1983ರಲ್ಲಿ ಜನ ಮರಗಳನ್ನು ಅಪ್ಪಿಕೊಂಡರು. ‘ಉಳಿಸು, ಬೆಳೆಸು, ಬಳಸು’ ಎಂಬ ಆ ಚಳವಳಿಯ ಮಾತಿನಲ್ಲಿ ಬಳಸುವ ವಿವೇಕವೂ ಸೇರಿದೆ. ತಿಂಗಳಿಗೊಮ್ಮೆ ಮನೆಯ ಗಂಡಸರು ಕೊಳವೆಯ ಮಸಿ ತೆಗೆಯಲಿ. ಕಾಡು ಉಳಿಸುವ ಕೆಲಸ ಅಲ್ಲಿಂದಲೂ ಆರಂಭವಾಗಬಹುದು.