ಪ್ರವಾಸದ ಬಸ್ಸು ನಿಲ್ಲದ ಸೇತುವೆ

ಶ್ರೀರಂಗಪಟ್ಟಣಕ್ಕೆ ಶಾಲಾ ಪ್ರವಾಸ ಹೋದವರೆಲ್ಲ ಗುಂಬಜ್, ದರಿಯಾ ದೌಲತ್, ರಂಗನಾಥನ ದೇವಾಲಯಗಳನ್ನು ನೋಡಿಯೇ ಇರುತ್ತೀರಿ. ಕಾವೇರಿಯ ಉತ್ತರದ ಕವಲಿನ ಮೇಲಿರುವ ವೆಲ್ಲೆಸ್ಲಿ ಸೇತುವೆಯ ಬಳಿ ಬಸ್ಸು ನಿಲ್ಲುವುದು ಅಪರೂಪ. ನಿಲ್ಲಬೇಕೆಂಬುದು ನನ್ನ ವಾದ.

ದಿವಾನ್ ಪೂರ್ಣಯ್ಯನವರು ಕಟ್ಟಿಸಿ 1804ರಲ್ಲಿ ಮುಗಿದ ಈ ಸೇತುವೆಗೆ ಹೆಸರು ಮಾತ್ರ ಆಗಿನ ಗವರ್ನರ್ ಜನರಲ್ಲನದು! ಕಲ್ಲುಕುಟಿಗರ ಹೆಸರನ್ನಂತೂ ನಾನು ಪಾಠ ಮಾಡಿದ ಯಾವ ಪುಸ್ತಕದಲ್ಲೂ ಕಾಣಲಿಲ್ಲ. ಇಲ್ಲಿ ಕಮಾನುಗಳಿಲ್ಲ. ನಮ್ಮ ದೇವಾಲಯಗಳ ಮಂಟಪದಂತೆಯೇ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ಎಲ್ಲವೂ ಕಲ್ಲೇ. ಮಂಟಪ ಕಟ್ಟಬಲ್ಲ ಕೈಗಳು ಅದನ್ನೇ ಹೊಳೆಗಿಳಿಸಿ ನಿಲ್ಲಿಸಿದವು. ಎರಡು ಶತಮಾನಗಳ ಪ್ರವಾಹವನ್ನು ಅದು ತಾಳಿಕೊಂಡಿದೆ. ಭಾರ ಹೇಗೆ ಹಂಚಿಹೋಗುತ್ತದೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಪ್ಪುಹಲಗೆ ಎಲ್ಲಿದೆ? (ವಿಜ್ಞಾನದ ಮೇಷ್ಟ್ರುಗಳು ಮುನಿಯಬಾರದು.)

ಕಳೆದ ಸಲ ಹೋದಾಗ ಕಲ್ಲಿನ ಸಂದುಗಳಲ್ಲಿ ಅರಳಿಯ ಸಸಿಗಳು ಬೇರುಬಿಟ್ಟಿದ್ದವು. ಹೊಳೆಗೆ ಆಗದ್ದನ್ನು ಆ ಬೇರು ನಿಧಾನವಾಗಿ ಮಾಡಬಲ್ಲದು. ಅರಳಿ ಪೂಜ್ಯವೇ, ಆದರೆ ಅದರ ಸ್ಥಳ ಊರಕಟ್ಟೆ, ಸೇತುವೆಯಲ್ಲ. ಬೆರಳುದ್ದವಿರುವಾಗ ಕೀಳುವುದು ಸುಲಭ, ಬಲಿತ ಮೇಲೆ ಕಿತ್ತರೆ ಕಲ್ಲೂ ಜೊತೆಗೆ ಬರುತ್ತದೆ. ಸಂರಕ್ಷಣೆಯೆಂದರೆ ಫಲಕ ನೆಡುವುದೆಂದು ತಿಳಿದವರಿಗೆ, ವರ್ಷಕ್ಕೊಮ್ಮೆ ಸಸಿ ಕೀಳಿಸುವ ಕೆಲಸ ಸಣ್ಣದಾಗಿ ಕಾಣುತ್ತದೆ.

ನಿಮ್ಮಲ್ಲಿ ಶಿಕ್ಷಕರಾದವರು, ಎಂಜಿನಿಯರುಗಳಾದವರು ಬಹಳ ಮಂದಿ ಇದ್ದೀರಿ. ಮುಂದಿನ ಪ್ರವಾಸದಲ್ಲಿ ಮಕ್ಕಳನ್ನು ಅರ್ಧ ಗಂಟೆ ಇಲ್ಲಿ ಇಳಿಸಿ, ಮೊದಲು ಕಂಬಗಳನ್ನು ಎಣಿಸಲು ಹೇಳಿ.